ಕೊಸರು

ಸಂಜೆ ಆರೂಕಾಲು. ಲಿಂಗರಾಜಪುರದ ಮೇಲುಸೇತುವೆ
ಹಾರನ್ನುಗಳನ್ನು ಅರೆಯುತ್ತಿದೆ.
ತಾರಸಿಯ ಶೀಟಿನ ಕೋಣೆಯಲ್ಲಿ ನಾನು,
ಪಾಲಿಟೆಕ್ನಿಕ್ಕಿನ ಲ್ಯಾಬಿನಿಂದ ನಿವೃತ್ತಳಾದ ಲಿಲ್ಲಿ ಮಿಸ್ಸು,
ನೀರಿನ ಟ್ಯಾಂಕಿನಿಂದ ನುಗ್ಗೆಮರಕ್ಕೆ ಎಳೆದ ತಂತಿಯಲ್ಲಿ
ಭೂಮಿಯ ಬೆನ್ನಿಗೆ ಕಿವಿಯಿಟ್ಟು ಕೂತಿದ್ದೇನೆ.

ಅಲ್ಲಿ, ಚಿಲಿಯ ತುತ್ತತುದಿಯಲ್ಲಿ, ಇಗ್ನಾಸಿಯೊಗೆ
ಬೆಳಗಿನ ಒಂಬತ್ತೂ ಮುಕ್ಕಾಲು.
ಅವನು ಕೀಲಿ ಒತ್ತುತ್ತಾನೆ. ಅಕ್ಷರ ಸಿಳ್ಳೆಯಾಗಿ
ಆಕಾಶದ ಸೂರಿಗೆ ತಗುಲಿ, ಕಡಲಿಗೆ ಬಿದ್ದು, ಮತ್ತೆ ಪುಟಿದು
ಬರುತ್ತದೆ. ಒಂದೇ ದಾರಿಯಲ್ಲಿ ಬಂದಿದ್ದರೆ ಚೆನ್ನಾಗಿತ್ತು.
ಐದು ನೆಗೆತಕ್ಕೆ ಬಂದದ್ದೂ ಆರು ನೆಗೆತಕ್ಕೆ ಬಂದದ್ದೂ
ನನ್ನ ತಂತಿಯ ಮೇಲೆ ಎದುರುಬದುರಾಗಿ,
ಒಂದರ ಏರನ್ನು ಇನ್ನೊಂದರ ಇಳಿತ ನುಂಗಿ,
ಎರಡೂ ಬಂದಿವೆ, ಏನೂ ಇಲ್ಲ.

ಇವತ್ತು ಗಾ ........ ತೋಟದ
........... ಆಲೂ ....
........ ಮಣ್

ಅವನು ಪವರ್ ಏರಿಸಿದ. ಮುಳುಗುವಾಗ ಕಿರುಚಿದರೆ
ಕಿರುಚಾಟವೂ ಮುಳುಗುತ್ತದೆ, ಅಷ್ಟೆ.

ಇನ್ನೊಂದು ತಂತಿ ಬೇಕು, ಸ್ವಲ್ಪ ದೂರದಲ್ಲಿ.
ಆ ಸ್ವಲ್ಪ ದೂರಕ್ಕೆ ಒಬ್ಬಳು ಒಡತಿ ಇದ್ದಾಳೆ.
ಓಣಿಯಾಚೆಯ ತಾರಸಿ, ಮುನಿರತ್ನಮ್ಮ.
"ಸಿಡ್ಲು ಕರೀತದಂತಲ್ಲ ಮಿಸ್ಸು, ನಿಮ್ ತಂತಿ?"
ಮೂರು ಭಾನುವಾರ ಅವಳ ಮನೆಯ ಕಾಫಿ ಕುಡಿದೆ.
ನಾಲ್ಕನೆಯದಕ್ಕೆ ಒಪ್ಪಿದಳು, ಷರತ್ತಿನ ಮೇಲೆ:
ಮಂಗಳವಾರ ಅದರ ಮೇಲೆ ಸೀರೆ ಒಣಗಬೇಕು.

ಒಣಗಲಿ.
ಎಸ್.ಪಿ. ರೋಡಿನಿಂದ ಮೂವತ್ತು ಮೀಟರು ಕೇಬಲ್ಲು,
ಓಣಿ ದಾಟಿಸಿದ್ದು ಅವಳ ಮೊಮ್ಮಗ, ಟೆನಿಸ್ ಚೆಂಡಿಗೆ ದಾರ ಕಟ್ಟಿ.
ಈಗ ನನ್ನ ತಾರಸಿಯಲ್ಲಿ ಮುಳುಗಿದ ಅಕ್ಷರ
ಅವಳ ತಾರಸಿಯಲ್ಲಿ ತಲೆಯೆತ್ತುತ್ತದೆ.

ಆದರೂ ಕೆಲವು ಸಂಜೆ ಎರಡು ಮನೆಯೂ ಒಟ್ಟಿಗೇ ಕಿವುಡು.
ನಾಲ್ಕು ಸೆಕೆಂಡು. ಒಂದಿಡೀ ಮಾತು ಹೋಗುತ್ತದೆ.
ಪಕ್ಕದಲ್ಲಿ ಸೇವಂತಿಗೆ ಕಟ್ಟುತ್ತ ಕೂತಿದ್ದವಳು
ದಾರ ಹಲ್ಲಲ್ಲಿ ಕಚ್ಚಿಕೊಂಡೇ ಅಂದಳು:
"ಒಂದ್ ಮನೇ ಹೂವೆಲ್ಲ ಒಂದೇ ಬುಟ್ಟೀಲಿ ಇಡ್ತಾರಾ ಯಾರಾನಾ?
ಮಾರ್ಕೆಟ್ ಬಸ್ಸಲ್ಲಿ ಒಂದ್ ಬುಟ್ಟಿ ತುಳಿದೋದ್ರೆ
ಒಬ್ರ ಮದ್ವೇನೇ ಬೋಳು.
ಎಲ್ಲಾರ್ದೂ ಎಲ್ಲಾ ಬುಟ್ಟೀಗೂ ಹಂಚಬೇಕು.
ಹೋದ್ರೆ ತಲೆಗೊಂದ್ ಮೊಳ ಹೋಗ್ತದೆ.
ಆ ಮೊಳಕ್ಕೇ ಅಂತ ಕೊಸರು ಕಟ್ಕೊಂಡ್ ಬಂದಿರ್ತೀನಲ್ಲ."

ಮೂವತ್ತೊಂದು ವರ್ಷ ಇದನ್ನೇ
ಬೋರ್ಡಿನ ಮೇಲೆ ಚೌಕಗಳಲ್ಲಿ ಬರೆದಿದ್ದೆ,
ಅಡ್ಡ ತುಂಬಿಸಿ ಉದ್ದ ಓದಿ ಎಂದು.
ಹುಡುಗರು ಆಕಳಿಸುತ್ತಿದ್ದರು. ನಾನೂ, ನಿಜ ಹೇಳಬೇಕೆಂದರೆ.

ಇಗ್ನಾಸಿಯೊಗೆ ಹೇಳಿದೆ: ನಿಧಾನ ಮಾಡು.
ಒಂದು ಮಾತಿನ ಅಕ್ಷರಗಳನ್ನು ಹತ್ತು ಬುಟ್ಟಿಗೆ ಹಂಚಿ ಕಳಿಸು.
ಕೊಸರು ಮರೆಯಬೇಡ.

ಮಾರನೆಯ ಸಂಜೆ ಪರದೆ ಬಹಳ ಹೊತ್ತು ಖಾಲಿ.
ಕಿವಿಯಲ್ಲಿ ಸಿಳ್ಳೆ ಏರಿತು, ಇಳಿಯಿತು, ಸತ್ತಿತು, ಎದ್ದಿತು.
ಲ್ಯಾಪ್‌ಟಾಪು ಕಳೆದದ್ದನ್ನು ಉಳಿದದ್ದರಿಂದ ಎಣಿಸಿ ತೆಗೆದು
ತುಸು ತಡವಾಗಿ, ಸಂಕೋಚದವರ ಹಾಗೆ, ಇಟ್ಟಿತು:

ಇವತ್ತು ಗಾಳಿ ಇಲ್ಲ. ತೋಟದ
ಆಲೂಗಡ್ಡೆ ಕಿತ್ತೆವು.
ಮಣ್ಣು ಇನ್ನೂ ಬೆಚ್ಚಗಿದೆ.

ಓದಿ ಹೇಳಿದೆ. "ಅಷ್ಟೇನಾ?" ಅಂದಳು ಮುನಿರತ್ನಮ್ಮ.
ಇದಕ್ಕಾ ನನ್ ತಾರಸಿ ತೂತು ಮಾಡಿದ್ದು, ಎಂಬಂತೆ ನೋಡಿದಳು.
ಆಮೇಲೆ ಹೂವು ಕೆಳಗಿಟ್ಟು ಹತ್ತಿರ ಸರಿದಳು.
"ಅಲ್ಲಿ ಕೇಜಿ ಎಷ್ಟಂತೆ, ಕೇಳಿ."

ಕೇಳಿದೆ. ಸಿಳ್ಳೆ ಹೋಯಿತು, ಕಡಲ ಮೇಲೆ ಪುಟಿಯುತ್ತ.
ಉತ್ತರ ಬರುವಷ್ಟರಲ್ಲಿ ಅಲ್ಲೆಲ್ಲೋ ಆಕಾಶ ಜರುಗಿತು,
ಕೊಸರು ತೀರಿ, ಅಸಲಿಗೂ ಕೈಹಾಕಿತು:

ಕೇಜಿಗೆ ....................

"ಇನ್ನೊಂದ್ಸಲ ಕೇಳಿ ಮಿಸ್ಸು" ಅಂದಳು,
ಸೀರೆಯ ಸೆರಗು ಸರಿಮಾಡಿಕೊಂಡು,
ಅವನು ನೋಡುತ್ತಿದ್ದಾನೇನೋ ಎಂಬಂತೆ.